ಚೋಮನ ಮರಣದ ಅರ್ಥ

ಕನ್ನಡ ನಾಡು ಮರಣವನ್ನು ಮರೆಯದ ನಾಡು. ಊರ ತುರುಗಳನ್ನು ಕಾಯಹೋಗಿ ಮಡಿದವನಿಗೂ ಒಡೆಯನಿಗಾಗಿ ಪ್ರಾಣವಿತ್ತವನಿಗೂ ಇಲ್ಲಿ ವೀರಗಲ್ಲುಗಳು ನಿಂತಿವೆ. ಆ ಕಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ದೇವಕನ್ನಿಕೆಯರು, ಮೇಲೆ ಶಿವಸಾನ್ನಿಧ್ಯ. ಕಲ್ಲು ಕಂಡರಿಸಿದ ಶಿಲ್ಪಿಗೆ ಆ ಸಾವಿನ ಅರ್ಥದ ವಿಷಯದಲ್ಲಿ ಸಂದೇಹವಿರಲಿಲ್ಲ. ಬೆಳಗಾವಿ ಸೀಮೆಯ ಪಾರಿಶ್ವಾಡ, ಇಟಗಿ ಮೊದಲಾದ ಊರುಗಳ ಜನರಿಗೆ ಇಂಥ ಮರಣದ ಅರ್ಥವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಅದೇ ಖಾನಾಪುರ ತಾಲೂಕಿನ ನಂದಗಡದಲ್ಲಿ 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನು ನೇಣುಗಂಬವನ್ನೇರಿದನು. ಅವನ ಸಮಾಧಿಯ ಮೇಲೆ ಬೆಳೆದ ಆಲದ ಮರವೇ ಅವನ ವೀರಗಲ್ಲಾಯಿತು. ಲಾವಣಿಕಾರರ ಕಂಠವೇ ಶಾಸನವಾಯಿತು. ಅವನನ್ನು ಕೊಂದವರು ಯಾರು, ಅವನು ಯಾವುದಕ್ಕಾಗಿ ಸತ್ತನು ಎಂಬ ಎರಡು ಪ್ರಶ್ನೆಗಳಿಗೂ ಅಲ್ಲಿ ಸ್ಪಷ್ಟವಾದ ಉತ್ತರವುಂಟು. ಉತ್ತರವಿರುವುದರಿಂದಲೇ ಆ ಸಾವು ದುಃಖದ ಜೊತೆಗೆ ಹೆಮ್ಮೆಯನ್ನೂ ಕೊಡುತ್ತದೆ.

ಆದರೆ ಕಾಳಗವಿಲ್ಲದೆ, ಕಣ್ಣೆದುರು ನಿಂತ ಶತ್ರುವಿಲ್ಲದೆ, ಕಲ್ಲಾಗಲಿ ಮರವಾಗಲಿ ಇಲ್ಲದೆ, ತನ್ನ ಗುಡಿಸಲಿನಲ್ಲಿ ಒಬ್ಬಂಟಿಯಾಗಿ ಸಾಯುವವನ ಮರಣಕ್ಕೆ ಏನರ್ಥ? ಅವನನ್ನು ವೀರನೆನ್ನಬಹುದೆ? ಈ ಪ್ರಶ್ನೆಯನ್ನು ಕನ್ನಡ ಸಾಹಿತ್ಯದಲ್ಲಿ ತಪ್ಪಿಸಿಕೊಳ್ಳಲಾಗದಂತೆ ಎತ್ತಿದ ಕೃತಿ ಕೋಟ ಶಿವರಾಮ ಕಾರಂತರ ‘ಚೋಮನ ದುಡಿ’. 1933ರಲ್ಲಿ ಪ್ರಕಟವಾದ ಈ ಕಿರುಗಾದಂಬರಿ ಗಾತ್ರದಲ್ಲಿ ಚಿಕ್ಕದು; ಅದರ ಕೊನೆಯ ಪುಟಗಳು ಓದುಗರ ಮನಸ್ಸಿನಲ್ಲಿ ಆಕ್ರಮಿಸುವ ಸ್ಥಳ ಬಹಳ ದೊಡ್ಡದು.

ದುರಂತ ನಾಯಕನ ಕಲ್ಪನೆ ಕನ್ನಡಕ್ಕೆ ಹೊಸದೇನಲ್ಲ. ಹತ್ತನೆಯ ಶತಮಾನದ ರನ್ನನು ತನ್ನ ಗದಾಯುದ್ಧದಲ್ಲಿ ದುರ್ಯೋಧನನಿಗೆ ಅಂಥ ಘನತೆಯನ್ನು ಕೊಟ್ಟನು. ಗ್ರೀಕ್ ರುದ್ರನಾಟಕದ ದೃಷ್ಟಿಯನ್ನು ಈ ನಾಡಿಗೆ ಪರಿಚಯಿಸಿದ ಬಿ.ಎಂ. ಶ್ರೀಕಂಠಯ್ಯನವರು ಸೋಫೋಕ್ಲಿಸನ ಏಜಾಕ್ಸನನ್ನು ಅಶ್ವತ್ಥಾಮನಾಗಿಸಿ ನಾಟಕ ಬರೆದರು. ಆದರೆ ಇವರೆಲ್ಲರೂ ಅರಸರು ಇಲ್ಲವೆ ಅರಸರ ಸಮಾನರು. ಎತ್ತರದಲ್ಲಿದ್ದವನು ಉರುಳಿದರೆ ಮಾತ್ರ ದುರಂತ ಎಂಬುದು ಗ್ರೀಕರ ಕಾಲದಿಂದ ಬಂದ ಎಣಿಕೆ. ಉರುಳುವುದಕ್ಕೆ ಎತ್ತರವೇ ಇಲ್ಲದವನು, ನೆಲದ ಮೇಲೆ ನಿಲ್ಲುವುದಕ್ಕೂ ಪರರ ಅಪ್ಪಣೆ ಬೇಕಾದವನು ದುರಂತ ನಾಯಕನಾಗಬಲ್ಲನೆ? ಆಗಬಲ್ಲನೆಂದು ಕಾರಂತರು ತೋರಿಸಿದರು. ಚೋಮನ ಎತ್ತರ ಅವನ ಪದವಿಯಲ್ಲಿಲ್ಲ, ಅವನ ಬಯಕೆಯಲ್ಲಿದೆ.

ಆ ಬಯಕೆಯಾದರೋ ಬಹಳ ಸಣ್ಣದು. ತುಳುನಾಡಿನ ಭೋಗನಹಳ್ಳಿಯಲ್ಲಿ ಸಂಕಪ್ಪಯ್ಯ ಎಂಬ ಧಣಿಯ ಮೂಲದಾಳಾಗಿ ದುಡಿಯುವ ಚೋಮನಿಗೆ ತಾನೊಂದು ತುಂಡು ಗದ್ದೆಯನ್ನು ಗೇಣಿಗೆ ಹಿಡಿದು ಬೇಸಾಯ ಮಾಡಬೇಕೆಂಬ ಆಸೆ. ಅದಕ್ಕಾಗಿ ಒಂದು ಜೊತೆ ಎತ್ತುಗಳನ್ನೂ ಸಾಕಿಕೊಂಡಿದ್ದಾನೆ. ಆದರೆ ಅವನು ಹುಟ್ಟಿದ ಜಾತಿ ಅಸ್ಪೃಶ್ಯವೆಂದು ದೂರವಿಡಲ್ಪಟ್ಟದ್ದು. ಅಂಥವನು ಪರರ ಗದ್ದೆಯಲ್ಲಿ ಮೈಮುರಿದು ದುಡಿಯಬಹುದು, ತಾನೇ ಒಕ್ಕಲಾಗುವಂತಿಲ್ಲ. ಧಣಿಯ ಮನಸ್ಸು ಒಮ್ಮೆ ಕರಗಿದರೂ ಮನೆಯ ಹಿರಿಯಾಕೆಯ ಮುಖಾಂತರ ಸಂಪ್ರದಾಯವು ಬೇಡವೆನ್ನುತ್ತದೆ. ಇತ್ತ ಘಟ್ಟದ ಕಾಫಿ ತೋಟದ ಸಾಲ ಮನೆಯನ್ನು ಒಳಗಿನಿಂದ ಮೇಯುತ್ತದೆ. ಸಾಲ ತೀರಿಸಲು ಘಟ್ಟ ಹತ್ತಿದ ಇಬ್ಬರು ಗಂಡುಮಕ್ಕಳಲ್ಲಿ ಚನಿಯನು ರೋಗಕ್ಕೆ ಬಲಿಯಾಗುತ್ತಾನೆ. ಗುರುವನು ಕ್ರೈಸ್ತ ಹುಡುಗಿಯ ಕೈಹಿಡಿದು ಆ ಮತಕ್ಕೆ ಸೇರಿ ಮನೆಗೆ ಎರವಾಗುತ್ತಾನೆ. ಮಗಳು ಬೆಳ್ಳಿಯ ಮೇಲೆ ತೋಟದ ರೈಟರ್ ಮನ್ವೇಲನ ಕಣ್ಣು. ಕಡೆಗೆ ಸಾಲವೇನೋ ತೀರುತ್ತದೆ. ಆದರೆ ಅದು ತೀರುವುದು ಬೆವರಿನ ಬೆಲೆಯಿಂದಲ್ಲ, ಆ ಹುಡುಗಿಯ ಮಾನದ ಬೆಲೆಯಿಂದ. ಕಿರಿಯ ಮಗ ನೀಲನು ನೀರಿನಲ್ಲಿ ಮುಳುಗಿ ಸಾಯುತ್ತಾನೆ. ಕೊನೆಗೊಂದು ದಿನ ಮನೆಗೆ ಬಂದ ಚೋಮನ ಕಣ್ಣಿಗೆ ಮಗಳು ಮನ್ವೇಲನೊಡನೆ ಇರುವುದು ಬೀಳುತ್ತದೆ. ಅಲ್ಲಿಗೆ ಅವನನ್ನು ಈ ಲೋಕಕ್ಕೆ ಕಟ್ಟಿದ್ದ ಕೊನೆಯ ಎಳೆಯೂ ಹರಿಯುತ್ತದೆ. ಎತ್ತುಗಳನ್ನು ಕಾಡಿಗೆ ಅಟ್ಟುತ್ತಾನೆ, ನೇಗಿಲನ್ನು ಬೆಂಕಿಗೆ ಹಾಕುತ್ತಾನೆ, ದುಡಿಯನ್ನೆತ್ತಿಕೊಂಡು ಬಾರಿಸತೊಡಗುತ್ತಾನೆ. ದುಡಿಯ ದನಿಯೂ ಅವನ ಉಸಿರೂ ಒಟ್ಟಿಗೆ ನಿಲ್ಲುತ್ತವೆ.

ಈ ಮರಣವನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ವಿವರಿಸುವುದುಂಟು. ಮೊದಲನೆಯದು ವಿಧಿವಾದ. ಚೋಮನು ಹಟಮಾರಿ, ಕುಡುಕ, ಕೈಗೆಟುಕದ ಹಣ್ಣಿಗೆ ಆಸೆಪಟ್ಟವನು. ಅವನ ದೋಷವೂ ಅವನ ಹಣೆಬರಹವೂ ಸೇರಿ ಅವನನ್ನು ಕೊಂದವು ಎಂಬುದು ಈ ವಾದ. ಇದು ಪಾಶ್ಚಾತ್ಯ ವಿಮರ್ಶೆಯ ‘ನಾಯಕನ ದೋಷ’ ಎಂಬ ತತ್ತ್ವಕ್ಕೂ ಹೊಂದಿಕೊಳ್ಳುವುದರಿಂದ ವಿದ್ಯಾರ್ಥಿಗಳಿಗೆ ಅನುಕೂಲವಾಗಿ ಕಾಣಬಹುದು. ಆದರೆ ಕೃತಿಯನ್ನು ಒಪ್ಪವಾಗಿ ಓದಿದವರು ಕೇಳಬೇಕಾದ ಪ್ರಶ್ನೆ ಒಂದುಂಟು. ಉಳಬೇಕೆಂಬ ಆಸೆ ದೋಷವೆ? ಅದೇ ಊರಿನ ಬೇರೆ ಮನೆಯಲ್ಲಿ ಹುಟ್ಟಿದವನಿಗೆ ಅದೇ ಆಸೆ ಸದ್ಗುಣವೆನಿಸುತ್ತಿತ್ತು. ಮಗನು ದುಡಿಮೆಗಾರನೆಂದು ಹತ್ತು ಜನ ಹೊಗಳುತ್ತಿದ್ದರು. ಹುಟ್ಟಿದ ಮನೆ ಬದಲಾದೊಡನೆ ಗುಣವು ದೋಷವಾಗುವುದಾದರೆ ಆ ದೋಷ ವ್ಯಕ್ತಿಯದಲ್ಲ. ಇನ್ನು ಕುಡಿತವೊ, ಅದು ಅವನ ನೋವಿನ ಫಲವೇ ಹೊರತು ಮೂಲವಲ್ಲ.

ಎರಡನೆಯದು ಪ್ರತಿಭಟನಾವಾದ. ನೇಗಿಲನ್ನು ಸುಡುವುದು ಬಂಡಾಯದ ಬಾವುಟವನ್ನು ಹಾರಿಸಿದಂತೆ ಎಂಬುದು ಇದರ ಸಾರ. ಇದರಲ್ಲಿ ಸತ್ಯಾಂಶವುಂಟು, ಆದರೆ ಪೂರ್ಣ ಸತ್ಯವಿಲ್ಲ. ಬಂಡಾಯಕ್ಕೆ ಎದುರಾಳಿ ಬೇಕು, ಕೇಳುವ ಕಿವಿ ಬೇಕು. ರಾಯಣ್ಣನು ಬಂಡೆದ್ದಾಗ ಕಂಪನಿ ಸರಕಾರಕ್ಕೆ ಅದು ಕೇಳಿಸಿತು. ಚೋಮನ ಗುಡಿಸಲಿನ ಬೆಂಕಿಯನ್ನು ಕಂಡು ನಡುಗಿದವರು ಭೋಗನಹಳ್ಳಿಯಲ್ಲಿ ಯಾರೂ ಇಲ್ಲ. ಅವನ ಸಾವನ್ನು ಬಂಡಾಯವೆಂದು ಕರೆದು ಸಮಾಧಾನಪಟ್ಟುಕೊಳ್ಳುವುದು, ಕಾರಂತರು ಅವನಿಗೆ ಕೊಡದ ಗೆಲುವನ್ನು ಓದುಗರು ತಾವಾಗಿ ಕೊಟ್ಟಂತಾಗುತ್ತದೆ.

ಆದ್ದರಿಂದ ಮರಣದ ಅರ್ಥವನ್ನು ಹೊರಗಿನ ಸಿದ್ಧಾಂತಗಳಲ್ಲಿ ಹುಡುಕುವುದಕ್ಕಿಂತ, ಸಾಯುವ ಮುನ್ನ ಚೋಮನ ಕೈಯಲ್ಲಿದ್ದ ಮೂರು ವಸ್ತುಗಳಲ್ಲಿ ಹುಡುಕುವುದು ಮೇಲು. ಅವು ಎತ್ತು, ನೇಗಿಲು ಮತ್ತು ದುಡಿ. ಮೂರಕ್ಕೂ ಅವನು ಮೂರು ಬೇರೆ ಬೇರೆ ಗತಿಯನ್ನು ಕಾಣಿಸುತ್ತಾನೆ.

ಎತ್ತು ಎಂದರೇನೆಂಬುದನ್ನು ಉತ್ತರ ಕರ್ನಾಟಕದ ಓದುಗರಿಗೆ ವಿವರಿಸಬೇಕಾದುದಿಲ್ಲ. ಕಾರಹುಣ್ಣಿಮೆಯಂದು ಎತ್ತಿನ ಮೈತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕರಿ ಹರಿಯುವ ಸೀಮೆಯಿದು. ಮುಂದಿನ ಅಮಾವಾಸ್ಯೆಗೆ ಮಕ್ಕಳು ಮಣ್ಣಿನಲ್ಲಿ ಎತ್ತು ಮಾಡಿ ಪೂಜಿಸುತ್ತಾರೆ. ಆ ಮಣ್ಣೆತ್ತಿಗೆ ಕೊರಳುಂಟು, ನೊಗವಿಲ್ಲ, ಕಾಲುಂಟು, ಹೊಲವಿಲ್ಲ. ಚೋಮನ ಎತ್ತುಗಳು ಜೀವವಿರುವ ಮಣ್ಣೆತ್ತುಗಳು. ಅವುಗಳ ಮೇಲೆ ಅವನಿಗೆ ಎಷ್ಟು ಪ್ರೀತಿಯಿದ್ದರೂ ಅವನದೆನ್ನುವ ನೆಲದ ಮೇಲೆ ಅವು ಒಂದು ಸಾಲನ್ನೂ ಎಳೆಯಲಾರವು. ಕಡೆಗೆ ಅವನು ಅವುಗಳನ್ನು ಮಾರಿ ಹಣ ಮಾಡಿಕೊಳ್ಳುವುದಿಲ್ಲ, ಧಣಿಯ ಕೊಟ್ಟಿಗೆಗೆ ಒಪ್ಪಿಸುವುದಿಲ್ಲ, ಕಾಡಿಗೆ ಬಿಡುತ್ತಾನೆ. ತನಗೆ ಜನ್ಮದಲ್ಲಿ ದೊರೆಯದ ಬಿಡುಗಡೆಯನ್ನು ತಾನು ಸಾಕಿದ ಮೂಕಪ್ರಾಣಿಗಳಿಗಾದರೂ ಕೊಡುವ ದಾನಿಯಾಗುತ್ತಾನೆ. ಇಡೀ ಕಾದಂಬರಿಯಲ್ಲಿ ಬೇಡುವವನಾಗಿಯೇ ಕಾಣಿಸುವ ಚೋಮನು ಕೊಡುವವನಾಗಿ ಕಾಣುವುದು ಇಲ್ಲಿ. ಅವನ ಘನತೆಯ ಮೊದಲ ಕುರುಹು ಇದು.

ನೇಗಿಲಿನ ಗತಿ ಬೇರೆ. ನೇಗಿಲು ಹೊಲವನ್ನು ಮುಟ್ಟುವವರೆಗೆ ಬರಿಯ ಮರದ ತುಂಡು. ಮಣ್ಣನ್ನು ಸೀಳಿದಾಗಲೇ ಅದು ನೇಗಿಲು. ಹೊಲವನ್ನು ಕೊಡದ ಲೋಕವು ಚೋಮನ ನೇಗಿಲನ್ನು ಎಂದೋ ಸೌದೆಯನ್ನಾಗಿ ಮಾಡಿತ್ತು. ಅವನು ಅದನ್ನು ಸುಟ್ಟದ್ದು ಇದ್ದ ಸತ್ಯವನ್ನು ಒಪ್ಪಿಕೊಂಡ ಕ್ರಿಯೆ. ಆಸೆ ಸುಳ್ಳೆಂದಲ್ಲ, ಆಸೆಗೆ ಇಲ್ಲಿ ಎಡೆಯಿಲ್ಲವೆಂದು ತಿಳಿದವನ ಕ್ರಿಯೆ. ಚೋಮನಿಗೆ ಸಾವು ಬಂದದ್ದು ದುಡಿ ನಿಂತಾಗ ಎಂಬುದು ಕಥೆಯ ಮಾತು. ಅವನ ಬಾಳಿನ ಗುರಿ ಸತ್ತದ್ದು ನೇಗಿಲು ಉರಿದಾಗ.

ಮೂರನೆಯದಾದ ದುಡಿಯನ್ನು ಅವನು ಬಿಡುವುದಿಲ್ಲ, ಸುಡುವುದಿಲ್ಲ, ಅಪ್ಪಿಕೊಳ್ಳುತ್ತಾನೆ. ದುಡಿಯೆಂಬುದು ತುಳುನಾಡಿನ ಚಿಕ್ಕ ಚರ್ಮವಾದ್ಯ. ಸಂತೋಷವಾದಾಗಲೂ ಸಂಕಟವಾದಾಗಲೂ ಚೋಮನ ಕೈ ಅದರ ಕಡೆಗೇ ಹೋಗುತ್ತದೆ. ಗದ್ದೆಗೆ ಅಪ್ಪಣೆ ಬೇಕು, ಬಾವಿಗೆ ಅಪ್ಪಣೆ ಬೇಕು, ಗುಡಿಗೆ ಅಪ್ಪಣೆಯೇ ಇಲ್ಲ. ದುಡಿಗೆ ಮಾತ್ರ ಯಾರ ಅಪ್ಪಣೆಯೂ ಬೇಡ. ಅವನ ಬಾಳಿನಲ್ಲಿ ಅವನದೇ ಆದ ಒಡೆತನ ಅದೊಂದೇ. ಕನ್ನಡದಲ್ಲಿ ‘ದುಡಿ’ ಎಂಬ ಶಬ್ದಕ್ಕೆ ಶ್ರಮಿಸು ಎಂಬ ಕ್ರಿಯಾರ್ಥವೂ ಇರುವುದನ್ನು ಇಲ್ಲಿ ನೆನೆಯಬೇಕು. ಲೋಕವು ಚೋಮನಿಗೆ ಹೇಳಿದ್ದು ದುಡಿ, ದುಡಿ ಎಂಬ ಒಂದೇ ಮಾತು. ಅವನು ಲೋಕಕ್ಕೆ ಮರಳಿ ನುಡಿದದ್ದೂ ಅದೇ ಶಬ್ದದ ವಾದ್ಯದಿಂದ.

ಇಲ್ಲಿ ವಚನ ಸಾಹಿತ್ಯವನ್ನು ಓದಿದವರಿಗೆ ಕಾಯಕ ತತ್ತ್ವದ ನೆನಪಾಗದೆ ಇರದು. ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ಪೂಜೆಯ ಮಟ್ಟಕ್ಕೆ ಏರಿಸಿದರು. ನುಲಿಯ ಚಂದಯ್ಯನು ಹುಲ್ಲಿನ ಹಗ್ಗ ಹೊಸೆದನು. ಒಕ್ಕಲಿಗ ಮುದ್ದಣ್ಣನು ಹೊಲವನ್ನುತ್ತು ಆ ಬೇಸಾಯದ ಪರಿಭಾಷೆಯಲ್ಲಿಯೇ ಅನುಭಾವವನ್ನು ನುಡಿದನು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ಬಸವಣ್ಣನವರು ತಮ್ಮ ಹಿರಿಯರೆಂದು, ತಮ್ಮ ಮನೆತನದವರೆಂದು ಕರೆದುಕೊಂಡರು. ಈ ದೃಷ್ಟಿಯಿಂದ ನೋಡಿದರೆ ಚೋಮನು ಬಯಸಿದ್ದು ಮುದ್ದಣ್ಣನ ಕಾಯಕವನ್ನು. ಅದಕ್ಕಿಂತ ಹೆಚ್ಚಿನದೇನನ್ನೂ ಅವನು ಬಯಸಲಿಲ್ಲ.

ಆದರೆ ಕಾಯಕಕ್ಕೂ ಜೀತಕ್ಕೂ ಇರುವ ಅಂತರವನ್ನು ಮರೆಯಬಾರದು. ಎರಡರಲ್ಲಿಯೂ ಬೆವರುಂಟು, ಆದರೆ ಕಾಯಕವನ್ನು ಕೈಕೊಳ್ಳುವವನು ತಾನಾಗಿ ಕೈಕೊಳ್ಳುತ್ತಾನೆ, ಅದರ ಫಲವನ್ನು ತಾನಾಗಿ ದಾಸೋಹಕ್ಕೆ ಸಲ್ಲಿಸುತ್ತಾನೆ. ಆಯ್ದಕ್ಕಿ ಮಾರಯ್ಯನು ಹೆಚ್ಚಿನ ಅಕ್ಕಿಯನ್ನು ತಂದಾಗ ಅದನ್ನು ಮರಳಿ ಸುರಿದು ಬರುವಂತೆ ಹೇಳುವ ಸ್ವಾತಂತ್ರ್ಯ ಲಕ್ಕಮ್ಮನಿಗಿತ್ತು. ಬೇಡವೆನ್ನುವ ಹಕ್ಕು ಇದ್ದವರಿಗೆ ಮಾತ್ರ ದುಡಿಮೆ ಪೂಜೆಯಾಗುತ್ತದೆ. ಚೋಮನ ದುಡಿಮೆಯ ಫಲ ದಾಸೋಹಕ್ಕೂ ಹೋಗಲಿಲ್ಲ, ಅವನ ಮಕ್ಕಳ ಹೊಟ್ಟೆಗೂ ಹೋಗಲಿಲ್ಲ. ಸಾಲದ ಬಾಯಿಗೆ ಹೋಯಿತು. ಅಂಥ ದುಡಿಮೆಯನ್ನು ಕಾಯಕವೆಂದು ಹೊಗಳುವುದು ಕಾಯಕಕ್ಕೂ ಅವಮಾನ, ಚೋಮನಿಗೂ ಅವಮಾನ. ಚೋಮನ ಮರಣವು ಮೊದಲು ಹೇಳುವ ಮಾತು ಇದೇ. ಬಿಡುಗಡೆಯಿಲ್ಲದವನ ಮುಂದೆ ದುಡಿಮೆಯ ಮಹಿಮೆಯನ್ನು ಕೊಂಡಾಡಿದರೆ ಅದು ಅವನ ಸಂಕೋಲೆಯನ್ನು ಕೊಂಡಾಡಿದಂತೆ.

ಕಾದಂಬರಿಯ ಇನ್ನೊಂದು ಸಂದರ್ಭವೂ ಭಕ್ತಜನರ ವಿಚಾರಕ್ಕೆ ಯೋಗ್ಯವಾದುದು. ಮತಾಂತರ ಹೊಂದಿದರೆ ಉಳಲು ನೆಲ ಸಿಕ್ಕೀತೆಂಬ ದಾರಿ ಚೋಮನಿಗೆ ತೆರೆದಿರುತ್ತದೆ. ಆ ದಾರಿಯನ್ನು ಅವನು ಹಿಡಿಯುವುದೂ ಉಂಟು. ಆದರೆ ತನ್ನ ದೈವ ಪಂಜುರ್ಲಿಯ ಮೇಲಿನ ನಂಬಿಕೆ ಅವನ ಹೆಜ್ಜೆಯನ್ನು ಹಿಂದಕ್ಕೆ ತಿರುಗಿಸುತ್ತದೆ. ಇದನ್ನು ಸ್ವಧರ್ಮನಿಷ್ಠೆಯ ವಿಜಯವೆಂದು ಹೊಗಳುವವರು ಆ ಪ್ರಸಂಗದ ಕಹಿಯನ್ನು ಕಂಡಿಲ್ಲ. ಚೋಮನು ಕೈಬಿಡದ ಧರ್ಮವು ಅವನನ್ನು ಎಂದೋ ಕೈಬಿಟ್ಟಿತ್ತು. ಅವನು ತನ್ನ ದೈವಕ್ಕೆ ನಿಷ್ಠನಾಗಿ ಹಿಂದಿರುಗಿದ್ದು ಅವನ ಮಗನನ್ನು ನೀರಿನಿಂದೆತ್ತಲು ಕೈಚಾಚದ ಅದೇ ಊರಿಗೆ. ಕಾರಂತರು ಅವನ ನಂಬಿಕೆಯನ್ನು ಹಾಸ್ಯ ಮಾಡುವುದಿಲ್ಲ, ಹೊಗಳುವುದೂ ಇಲ್ಲ. ಅದರ ಬೆಲೆಯನ್ನು ಮಾತ್ರ ಲೆಕ್ಕಹಾಕಿ ಓದುಗರ ಮುಂದಿಡುತ್ತಾರೆ. ಅಂಗೈಯ ಮೇಲೆಯೇ ಲಿಂಗವನ್ನು ನೆಲೆಗೊಳಿಸಿ, ದೇವರ ಮತ್ತು ಭಕ್ತನ ನಡುವೆ ಬಾಗಿಲನ್ನೂ ಬಾಗಿಲು ಕಾಯುವವನನ್ನೂ ಇಲ್ಲವಾಗಿಸಿದ ಶರಣರ ದಾರಿಯೂ ಇದೇ ಕನ್ನಡ ನಾಡಿನಲ್ಲಿ ಹುಟ್ಟಿತ್ತು. ಅದು ಚೋಮನ ಗುಡಿಸಲಿನವರೆಗೆ ಏಕೆ ತಲುಪಲಿಲ್ಲ ಎಂಬ ಪ್ರಶ್ನೆ ಆ ದಾರಿಯಲ್ಲಿ ನಡೆಯುತ್ತೇವೆನ್ನುವವರಿಗೆ ಸಲ್ಲಬೇಕಾದುದು.

ನೀಲನ ಸಾವನ್ನು ಕುರಿತು ಹೆಚ್ಚು ಬರೆಯಬೇಕಾಗಿಲ್ಲ. ಮುಳುಗುತ್ತಿರುವ ಮಗುವನ್ನು ನೋಡುತ್ತ ನಿಂತವರು ಕ್ರೂರಿಗಳಲ್ಲ. ಮನೆಯಲ್ಲಿ ತಮ್ಮ ಮಕ್ಕಳನ್ನು ಮುದ್ದಿಸುವ ಸಾಮಾನ್ಯ ಜನ. ಮುಟ್ಟಬಾರದೆಂಬ ಎಣಿಕೆಯೊಂದೇ ಅವರ ಕೈಗಳನ್ನು ಕಟ್ಟಿತು. ಈ ಕಾದಂಬರಿಗೆ ಒಂಬತ್ತು ವರ್ಷ ಮೊದಲು, 1924ರ ಡಿಸೆಂಬರಿನಲ್ಲಿ, ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕೂಡಿದ ಕಾಂಗ್ರೆಸ್ ಅಧಿವೇಶನದಲ್ಲಿ ಅಸ್ಪೃಶ್ಯತಾ ನಿವಾರಣೆಯ ಮಾತು ಕೇಳಿಬಂದಿತ್ತು. ವೇದಿಕೆಯ ಮಾತಿಗೂ ಹೊಳೆಯ ದಂಡೆಗೂ ಇದ್ದ ದೂರವನ್ನು ನೀಲನ ಸಾವು ಅಳೆದು ತೋರಿಸುತ್ತದೆ. ಚೋಮನ ಮರಣವು ತಂದೆಯೊಬ್ಬನ ಎದೆಯೊಡೆತವಷ್ಟೇ ಆಗದೆ ಊರಿನ ಮೇಲಿನ ತೀರ್ಪಾಗುವುದು ಈ ಸಾವು ಅದಕ್ಕೆ ಮುಂಚೆ ನಡೆದಿರುವುದರಿಂದ.

ಹಾಗಾದರೆ ಚೋಮನ ಅಂತ್ಯವನ್ನು ಐಕ್ಯವೆಂದು, ಮುಕ್ತಿಯೆಂದು ಕರೆಯಬಹುದೆ? ದುಡಿಯ ನಾದದಲ್ಲಿ ಜೀವ ಲೀನವಾಯಿತೆಂಬ ಮಾತು ಕೇಳಲು ಇಂಪಾಗಿದೆ. ಬಸವಣ್ಣನವರು ತಮ್ಮ ಕಾಯವನ್ನೇ ವಾದ್ಯವಾಗಿಸಿ ನುಡಿಸೆಂದು ಕೂಡಲಸಂಗಮದೇವನನ್ನು ಬೇಡಿಕೊಂಡದ್ದನ್ನು ಬಲ್ಲ ಭಕ್ತರಿಗೆ ಈ ಹೋಲಿಕೆ ಸಹಜವಾಗಿ ಹೊಳೆದೀತು. ಆದರೆ ಅಲ್ಲಿ ನುಡಿಸುವವನು ದೇವನು, ಕೇಳುವವನೂ ದೇವನು. ಶರಣರಿಗೆ ಮರಣ ಹಬ್ಬವಾದದ್ದು ಅವರು ಅದಕ್ಕೆ ಮೊದಲೇ ಬದುಕಿನಲ್ಲಿ ನಿಲುಕಡೆಯನ್ನು ಕಂಡಿದ್ದರಿಂದ. ಚೋಮನ ದುಡಿಯನ್ನು ನುಡಿಸುವವನು ಚೋಮನೊಬ್ಬನೇ. ಕೇಳುವವರು ಯಾರೂ ಇಲ್ಲ. ಕಾರಂತರ ಕಾದಂಬರಿಗೆ ಕೆಲವೇ ವರ್ಷ ಮೊದಲು ಕುವೆಂಪು ಅವರು ‘ಜಲಗಾರ’ ನಾಟಕದಲ್ಲಿ ಬೀದಿ ಗುಡಿಸುವವನ ಬಳಿಗೆ ಶಿವನನ್ನೇ ಕರೆತಂದಿದ್ದರು. ಚೋಮನ ಗುಡಿಸಲಿಗೆ ಯಾವ ದೇವರೂ ಬರುವುದಿಲ್ಲ. ಕವಿಯು ಕಂಡದ್ದು ಆಗಬೇಕಾದುದನ್ನು, ಕಾದಂಬರಿಕಾರರು ಕಂಡದ್ದು ಆಗುತ್ತಿದ್ದುದನ್ನು. ಎರಡೂ ಸತ್ಯವೇ. ಆದರೆ ಒಂದನ್ನು ಇನ್ನೊಂದರ ಮೇಲೆ ಹೊದಿಸಿ ಚೋಮನ ಸಾವಿಗೆ ಮುಕ್ತಿಯ ಬಣ್ಣ ಬಳಿದರೆ, ಬದುಕಿದ್ದಾಗ ಅಂಗೈಯಗಲ ನೆಲ ಕೊಡದವರು ಸತ್ತ ಮೇಲೆ ಕೈಲಾಸವನ್ನು ಕೊಟ್ಟಂತಾಗುತ್ತದೆ. ಅದು ಅಗ್ಗದ ದಾನ.

ಬಿ.ವಿ. ಕಾರಂತರ ನಿರ್ದೇಶನದಲ್ಲಿ 1975ರಲ್ಲಿ ಈ ಕಾದಂಬರಿ ಚಲನಚಿತ್ರವಾಗಿ ರಾಷ್ಟ್ರದ ಸ್ವರ್ಣಕಮಲವನ್ನು ಪಡೆಯಿತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟರೆಂಬ ರಾಷ್ಟ್ರಪ್ರಶಸ್ತಿ ಬಂದಿತು. ಹೀಗೆ ಭೋಗನಹಳ್ಳಿಯಲ್ಲಿ ಯಾರೂ ಕೇಳದ ದುಡಿಯನ್ನು ದೇಶವೇ ಕೇಳಿತು. ಅದೇ ಕಾಲದಲ್ಲಿ ಕಾನೂನೂ ಹೆಜ್ಜೆಯಿಟ್ಟಿತು. ಅಸ್ಪೃಶ್ಯತೆಯನ್ನು ಸಂವಿಧಾನವು 1950ರಲ್ಲಿಯೇ ರದ್ದುಗೊಳಿಸಿತ್ತು. 1974ರ ತಿದ್ದುಪಡಿಯ ಮೂಲಕ ಕರ್ನಾಟಕದ ಭೂಸುಧಾರಣೆ ಉಳುವವನನ್ನು ಹೊಲದೊಡೆಯನನ್ನಾಗಿ ಮಾಡಹೊರಟಿತು. 1976ರಲ್ಲಿ ಜೀತಪದ್ಧತಿಯನ್ನು ನಿಷೇಧಿಸುವ ಕೇಂದ್ರದ ಕಾಯಿದೆ ಬಂದಿತು. ಇವೆಲ್ಲ ಸಣ್ಣ ಸಾಧನೆಗಳಲ್ಲ. ಆದರೂ ಕಾದಂಬರಿಯನ್ನು ನೆನೆದಾಗ ಒಂದು ಸೂಕ್ಷ್ಮ ಗಮನಕ್ಕೆ ಬರುತ್ತದೆ. ಭೂಸುಧಾರಣೆಯ ಮುಖ್ಯ ಫಲ ಸಂದದ್ದು ಗೇಣಿದಾರನಿಗೆ. ಚೋಮನು ಗೇಣಿದಾರನಲ್ಲ, ಗೇಣಿದಾರನಾಗಬೇಕೆಂದು ಹಂಬಲಿಸಿ ಸತ್ತವನು. ಉಳುವವನಿಗೆ ಹೊಲ ಕೊಡುವ ಕಾನೂನು, ಉಳಲು ಬಿಡದೆ ಇದ್ದವನನ್ನು ಎಲ್ಲಿ ಎಣಿಸಬೇಕು?

ಚೋಮನು ಕತ್ತಿ ಹಿಡಿದ ವೀರನಲ್ಲ. ಆದರೂ ದುರಂತ ನಾಯಕನೆಂಬ ಹೆಸರಿಗೆ ಪೂರ್ಣವಾಗಿ ಅರ್ಹನು. ಏಕೆಂದರೆ ಲೋಕವು ಅವನ ಮುಂದೆ ಇಟ್ಟ ಯಾವ ರಾಜಿಗೂ ಅವನು ತನ್ನ ಆಸೆಯನ್ನು ಮಾರಲಿಲ್ಲ. ನೆಲಕ್ಕಾಗಿ ದೈವವನ್ನು ಬಿಡಲಿಲ್ಲ. ಹಣಕ್ಕಾಗಿ ಎತ್ತನ್ನು ಬಿಡಲಿಲ್ಲ. ಬದುಕಿ ಉಳಿಯಲು ತಾನು ಹುಟ್ಟಿದ ಸ್ಥಿತಿಯೇ ಸರಿಯೆಂದು ಒಮ್ಮೆಯೂ ಒಪ್ಪಲಿಲ್ಲ. ಅವನ ದೇಹ ಸೋತಿತು, ಮನೆ ಸೋತಿತು, ಆಸೆ ಸೋಲಲಿಲ್ಲ. ಅದು ಈಡೇರದೆಯೇ ಉಳಿಯಿತು. ರಾಯಣ್ಣನ ಮರಣವನ್ನು ಜನ ಹಾಡಿ ತೀರಿಸಿಕೊಂಡರು. ಚೋಮನ ಮರಣವನ್ನು ಹಾಡಿ ತೀರಿಸಲಾಗದು. ಅವನು ಬಿಟ್ಟುಹೋದದ್ದು ಋಣ. ಉಳಲು ಬಯಸುವ ಕೈಗೆ ಹೊಲವನ್ನೂ ಮುಳುಗುವ ಮಗುವಿಗೆ ಕೈಯನ್ನೂ ಕೊಡುವವರೆಗೆ ಅದು ತೀರುವಂಥದಲ್ಲ.